ಪಟ್ಟಿಯಿಲ್ಲದೆ ವಹಿಸಿಕೊಂಡ ಟೇಬಲ್

ಅವತ್ತು ತಿಂಗಳ ಕೊನೆಯ ಶುಕ್ರವಾರ. ನನ್ನ ಹೆಂಡತಿಯ ಆಫೀಸಿನಲ್ಲಿ ಒಬ್ಬರು ಡ್ರೈವರ್ ನಿವೃತ್ತರಾಗುವವರಿದ್ದರು. ಆ ಆಫೀಸಿನಲ್ಲಿ ಯಾರು ನಿವೃತ್ತರಾದರೂ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ ತರುವ ಕೆಲಸ ಅವಳದು. ಯಾರೂ ಆದೇಶ ಮಾಡಿ ವಹಿಸಿದ್ದಲ್ಲ. ಯಾವಾಗಲೋ ಒಮ್ಮೆ ತರುವವರು ರಜೆಯಲ್ಲಿದ್ದರು ಅಂತ ಇವಳು ತಂದಳು, ಆಮೇಲೆ ಅದು ಇವಳ ಮೇಲೇ ಉಳಿಯಿತು. ಕೆಲಸಗಳು ಅವಳನ್ನು ಹುಡುಕಿಕೊಂಡು ಬಂದು ಸೇರಿಕೊಳ್ಳುತ್ತಿದ್ದವು. ಅವಳೂ ಯಾವುದನ್ನೂ ವಾಪಸ್ ಕಳಿಸಿದವಳಲ್ಲ.

ಬೆಳಿಗ್ಗೆ ಏಳಕ್ಕೆ ಸ್ಕೂಟರಿನಲ್ಲಿ ವಿಜಯನಗರದ ಮಾರ್ಕೆಟ್ಟಿಗೆ ಹೋದೆವು. ಹೂವಿನವಳು ಹಾರ ಯಾರಿಗೆ, ಮದುವೆಗಾ ಅಂತ ಕೇಳಿದಳು. ರಿಟೈರ್‌ಮೆಂಟಿಗೆ ಅಂದಳು ನನ್ನ ಹೆಂಡತಿ.

"ಹಂಗಾದ್ರೆ ಬರೀ ಸುಗಂಧರಾಜ ಸಾಕಲ್ಲಕ್ಕಾ. ಗುಲಾಬಿ ಹಾಕ್ಸ್ಕೊಂಡು ಆವಯ್ಯ ಇನ್ನೆಲ್ಲಿಗೆ ಹೋಗ್ಬೇಕು."

"ಗುಲಾಬಿ ಹಾಕಮ್ಮ ನೀನು. ಮೂವತ್ತು ವರ್ಷ ಸಾಹೇಬ್ರುಗಳನ್ನ ಹೊತ್ಕೊಂಡು ತಿರುಗಿದಾರೆ. ಒಂದಿನ ಅವರೂ ಸಾಹೇಬ್ರಾಗ್ಲಿ."

ಹೂವಿನವಳು ನಕ್ಕು ಎರಡು ಸಾಲು ಗುಲಾಬಿ ಹೆಚ್ಚಿಗೆ ಸೇರಿಸಿದಳು.

ಅಲ್ಲಿಂದ ಚಂದ್ರಾ ಲೇಔಟಿನಲ್ಲಿ ನಮ್ಮ ಮನೆಯ ಹತ್ತಿರದ ದರ್ಶಿನಿಗೆ ಬಂದು ಇಡ್ಲಿ ತಿಂದೆವು. ಮೇಜಿನ ಮೇಲೆ ಯಾರೋ ಬಿಟ್ಟುಹೋದ ಪೇಪರ್ ಇತ್ತು. ಐವತ್ತು ದಾಟಿದ ಸರ್ಕಾರಿ ನೌಕರರ ಕೆಲಸವನ್ನು ಪರಿಶೀಲಿಸುತ್ತಾರೆ, ಕೆಲಸ ಮಾಡದವರನ್ನು ಸಾರ್ವಜನಿಕ ಹಿತದೃಷ್ಟಿಯಿಂದ ಕಡ್ಡಾಯವಾಗಿ ಮನೆಗೆ ಕಳಿಸುತ್ತಾರೆ ಅಂತ ಒಂದು ಸುದ್ದಿ ಇತ್ತು. ನಾನು ಅದನ್ನು ಅವಳಿಗೆ ಓದಿ ಹೇಳಿದೆ. ಓದಿ ಸುಮ್ಮನಾಗಲಿಲ್ಲ. ಒಳ್ಳೇ ಕೆಲಸ, ಹೀಗೇ ಆಗಬೇಕು ಇವರಿಗೆ ಅಂದೆ. ಮನೆ ಖಾತೆ ಮಾಡಿಸಲು ನಾನು ಒಂದು ಆಫೀಸಿಗೆ ಹನ್ನೊಂದು ಸಲ ಅಲೆದಿದ್ದೆ, ಆ ಸಿಟ್ಟು ಇನ್ನೂ ಹೊಟ್ಟೆಯಲ್ಲಿತ್ತು. ಅವಳೂ ಒಪ್ಪಿದಳು. ನಮ್ಮಲ್ಲೂ ಇಬ್ಬರಿದ್ದಾರೆ, ಮೊಬೈಲ್ ಬಿಟ್ಟು ಬೇರೆ ಏನೂ ಮುಟ್ಟುವುದಿಲ್ಲ, ಕಳಿಸಲಿ ಅಂದಳು. ಕಾಫಿ ಕುಡಿದೆವು. ದಿನಾ ಅವಳನ್ನು ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್ನಿಗೆ ಬಿಟ್ಟು ನಾನು ಕಾಮಾಕ್ಷಿಪಾಳ್ಯದ ವರ್ಕ್‌ಶಾಪಿಗೆ ಹೋಗುತ್ತಿದ್ದೆ. ಅವತ್ತು ಹಾರ, ಬುಟ್ಟಿ ಎಲ್ಲ ಇದ್ದದ್ದರಿಂದ ಬಿನ್ನಿಪೇಟೆ ಕಡೆ ಇರುವ ಅವಳ ಆಫೀಸಿನ ಬಾಗಿಲವರೆಗೂ ಬಿಟ್ಟೆ. ಇಲಾಖೆ ಯಾವುದು ಅಂತ ಬರೆಯುವುದಿಲ್ಲ.

ಸಂಜೆ ಮೈಸೂರು ಪಾಕಿನ ಒಂದು ತುಂಡನ್ನು ಟಿಶ್ಯೂನಲ್ಲಿ ಸುತ್ತಿ ನನಗೆ ತಂದಿದ್ದಳು. ಡ್ರೈವರ್ ಮೈಕ್ ಹಿಡಿದು ಎರಡು ಮಾತಾಡಿ ಅತ್ತರಂತೆ. ಅಷ್ಟೇ ಆ ದಿನ. ನಮ್ಮ ಮನೆಯಲ್ಲಿ ಸರಿಯಾಗಿದ್ದ ಕೊನೆಯ ದಿನ ಅದು.

ಸೋಮವಾರ ಮಧ್ಯಾಹ್ನ ನಾನು ಕಬ್ಬಿಣ ಕಡೆಯುವ ಲೇತಿನ ಮುಂದೆ ಇದ್ದೆ. ಬುಷ್‌ಗಳ ಅರ್ಜೆಂಟ್ ಆರ್ಡರ್. ಮಿಷನ್ ಓಡುವಾಗ ಫೋನ್ ಕೇಳಿಸುವುದಿಲ್ಲ. ನೋಡಿದಾಗ ಅವಳ ನಾಲ್ಕು ಮಿಸ್ಡ್ ಕಾಲ್ ಇದ್ದವು. ಅವಳು ಒಂದು ಸಲದ ಮೇಲೆ ಮಾಡುವವಳಲ್ಲ. ವಾಪಸ್ ಮಾಡಿದೆ.

"ರೀ, ಸ್ವಲ್ಪ ಬರ್ತೀರಾ?"

"ಯಾಕೆ, ಹುಷಾರಿಲ್ವಾ?"

"ಹುಷಾರಾಗಿದೀನಿ. ಬನ್ನಿ."

ಹೋದಾಗ ಅವಳು ಆಫೀಸಿನ ಹೊರಗೆ ಬಸ್ ಸ್ಟಾಪಿನ ಕಲ್ಲಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಬಟ್ಟೆ ಅಂಗಡಿಯ ಒಂದು ಬ್ಯಾಗು. ಅದರೊಳಗೆ ಊಟದ ಡಬ್ಬಿ, ಸ್ಟೀಲ್ ಲೋಟ, ಕುರ್ಚಿಯ ಮೇಲೆ ಹಾಕಿಕೊಳ್ಳುತ್ತಿದ್ದ ದಿಂಬು, ಸ್ವೆಟರ್.

ಅವಳು ಪ್ರಥಮ ದರ್ಜೆ ಸಹಾಯಕಿ, ಸಿಬ್ಬಂದಿ ಶಾಖೆಯವಳು. ಯಾರಿಗೆ ವರ್ಗ, ಯಾರಿಗೆ ಬಡ್ತಿ, ಯಾರಿಗೆ ಪಿಂಚಣಿ ಎಲ್ಲ ಆದೇಶಗಳೂ ಅವಳ ಶಾಖೆಗೆ ಬರುತ್ತಿದ್ದವು. ಅವತ್ತಿನ ಟಪಾಲಿನಲ್ಲಿ ಬಂದ ಆದೇಶವನ್ನು ಅವಳೇ ಸ್ವೀಕೃತಿ ವಹಿಯಲ್ಲಿ ದಾಖಲು ಮಾಡಿದ್ದಳು. ನಂಬರ್ ಹಾಕಿ, ವಿಷಯದ ಕಾಲಂನಲ್ಲಿ ಕಡ್ಡಾಯ ನಿವೃತ್ತಿ ಅಂತ ಬರೆದು, ಆಮೇಲೆ ಯಾರದು ಅಂತ ಕೆಳಗೆ ನೋಡಿದಳಂತೆ. ಅದರಲ್ಲಿ ಒಂದೇ ಹೆಸರು ಇತ್ತು.

ಆದೇಶ ನಾನು ಓದಿದೆ. ಆಮೇಲೂ ಎಷ್ಟೋ ಸಲ ಓದಿದ್ದೇನೆ. ಸದರಿಯವರನ್ನು ಸಾರ್ವಜನಿಕ ಹಿತದೃಷ್ಟಿಯಿಂದ ತಕ್ಷಣದಿಂದ ಜಾರಿಗೆ ಬರುವಂತೆ ಸೇವೆಯಿಂದ ಕಡ್ಡಾಯವಾಗಿ ನಿವೃತ್ತಿಗೊಳಿಸಲಾಗಿದೆ, ನೋಟಿಸಿನ ಬದಲಿಗೆ ಮೂರು ತಿಂಗಳ ವೇತನ ಪಡೆಯಲು ಅರ್ಹರು. ಅದರಲ್ಲಿ ಕಾರಣ ಅನ್ನುವ ಪದ ಇಲ್ಲ. ಏಕೆಂದರೆ ಅನ್ನುವ ಪದ ಇಲ್ಲ. ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿದವಳಿಗೆ ಅರ್ಧ ಪುಟ. ನಮ್ಮ ವರ್ಕ್‌ಶಾಪಿನಲ್ಲಿ ಒಂದು ಬುಷ್ ರಿಜೆಕ್ಟ್ ಆದರೆ ಅದರ ಜೊತೆ ಚೀಟಿ ಬರುತ್ತದೆ, ಎಲ್ಲಿ ಎಷ್ಟು ಹೆಚ್ಚು, ಎಲ್ಲಿ ಎಷ್ಟು ಕಡಿಮೆ ಅಂತ. ಕಬ್ಬಿಣದ ತುಂಡಿಗೆ ಕೊಡುವ ಮರ್ಯಾದೆ ಅದು.

ಈ ನಿಯಮದ ಬಗ್ಗೆ ನನಗೆ ಆಮೇಲೆ ತಿಳಿಯಿತು. ಇದು ಶಿಕ್ಷೆ ಅಲ್ಲವಂತೆ. ಶಿಕ್ಷೆ ಅಲ್ಲದ್ದರಿಂದ ನೌಕರರನ್ನು ಕರೆದು ಕೇಳುವ ಅಗತ್ಯವೂ ಇಲ್ಲವಂತೆ. ಲಂಚ ತಿಂದು ಸಿಕ್ಕಿಬಿದ್ದವನಿಗೆ ನೋಟಿಸ್ ಕೊಡುತ್ತಾರೆ. ಆರೋಪ ಪಟ್ಟಿ ಕೊಡುತ್ತಾರೆ. ವಿಚಾರಣಾಧಿಕಾರಿ ಬರುತ್ತಾರೆ, ಸಾಕ್ಷಿ ಕರೆಸುತ್ತಾರೆ, ಕಳ್ಳ ಎದ್ದು ನಿಂತು ಸಾಕ್ಷಿಯನ್ನು ಪ್ರಶ್ನೆ ಕೇಳಬಹುದು. ಕದ್ದವನಿಗೆ ಇಷ್ಟೆಲ್ಲ ಇದೆ. ನನ್ನ ಹೆಂಡತಿ ಕದ್ದಿರಲಿಲ್ಲ, ಅದಕ್ಕೇ ಅವಳಿಗೆ ಏನೂ ಇರಲಿಲ್ಲ.

ಪಿಂಚಣಿ ನಿಲ್ಲಲಿಲ್ಲ. ಅದೇ ಒಂದು ದೊಡ್ಡ ತೊಂದರೆಯಾಯಿತು. ಪಿಂಚಣಿ ಬರುತ್ತದೆ ಅಂದಮೇಲೆ ಯಾರಿಗೂ ಇದೊಂದು ದುಃಖ ಅಂತ ಅನಿಸಲಿಲ್ಲ. ಕೆಳಗಿನ ಮನೆಯ ಹೆಂಗಸು, ಆಂಟಿ ಇನ್ನು ಆರಾಮಾಗಿ ಮಧ್ಯಾಹ್ನ ನಿದ್ದೆ ಮಾಡಿ, ನಮಗೆಲ್ಲಿ ಆ ಅದೃಷ್ಟ ಅಂದಳು. ಬಸವೇಶ್ವರನಗರದಲ್ಲಿರುವ ನನ್ನ ಷಡ್ಡಕ ಮನೆಗೆ ಬಂದು, ಅವಳು ಕಾಫಿ ಮಾಡಲು ಒಳಗೆ ಹೋದಾಗ ದನಿ ಇಳಿಸಿ ಕೇಳಿದ. "ನಿಜ ಹೇಳು ಭಾವ, ಏನಾದ್ರೂ ತಗೊಂಡಿದ್ಲಾ?" ನಾನು ಕಾಫಿ ಬರುವ ಮೊದಲೇ ಅವನನ್ನು ಬಾಗಿಲಿನ ಹೊರಗೆ ಕಳಿಸಿದೆ. ಅವಳು ಮೂರು ಲೋಟ ಹಿಡಿದುಕೊಂಡು ಬಂದು, ಎಲ್ಲಿ ಅಂತ ಕೇಳಿದಳು. ಅರ್ಜೆಂಟ್ ಕೆಲಸ ಬಂತಂತೆ ಅಂದೆ. ಅವಳಿಗೆ ಗೊತ್ತಾಯಿತು. ಅವಳು ಆಮೇಲೆ ಒಂದು ಮದುವೆಗೂ ಬರಲಿಲ್ಲ.

ಅವಳಿಗೆ ಬೇಕಾದದ್ದು ಒಂದೇ. ತಾನು ಮಾಡಿದ ತಪ್ಪು ಏನು ಅಂತ ಬರವಣಿಗೆಯಲ್ಲಿ ಬೇಕು. ತಪ್ಪಿಲ್ಲದಿದ್ದರೆ ಇಲ್ಲ ಅಂತ ಬೇಕು. ಜೀವಮಾನವೆಲ್ಲ ಕಾಗದದ ಮೇಲೆ ಬದುಕಿದವಳು, ಬಾಯಿಮಾತು ಅವಳಿಗೆ ಸಮಾಧಾನ ಕೊಡುತ್ತಿರಲಿಲ್ಲ.

ಬಾಯಿಮಾತಿನ ಕಾರಣ ಆ ವಾರವೇ ಸಿಕ್ಕಿತು. ಗುರುವಾರ ಆಫೀಸಿನಿಂದ ಫೋನ್ ಬಂತು. ಮೇಡಂ, ನಿಮ್ಮ ಟೇಬಲ್ಲಿನ ಚಾರ್ಜ್ ಲಿಸ್ಟ್ ಕೊಡದೆ ಹೋಗಿದ್ದೀರಿ, ಬಂದು ಮಾಡಿಕೊಡಿ ಅಂದರು. ಹೊರಗೆ ಹಾಕಿದವರೇ ಒಳಗೆ ಕರೆದು ಕೆಲಸ ಮಾಡಿಸುತ್ತಾರೆ, ಹೋಗಬೇಡ ಅಂದೆ. ಅವಳು ಸೀರೆ ಇಸ್ತ್ರಿ ಮಾಡಿಕೊಂಡಳು. ನಾನು ವರ್ಕ್‌ಶಾಪಿಗೆ ರಜೆ ಹಾಕಿ ಜೊತೆಗೆ ಹೋದೆ. ಅಲ್ಲಿ ಅವಳ ಮೇಲಿನ ಅಧೀಕ್ಷಕರು ಅವಳನ್ನು ಸಾರ್ವಜನಿಕರು ಕೂರುವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಅವರೇ ಬೇಜಾರು ಮಾಡಿಕೊಂಡವರ ಹಾಗೆ ಹೇಳಿದರು.

"ಪೆಂಡೆನ್ಸಿ ಲಿಸ್ಟಲ್ಲಿ ನಿಮ್ಮ ಹೆಸರು ಮೇಲೇ ಇತ್ತು ಮೇಡಂ. ರಿವ್ಯೂ ಕಮಿಟಿಯವರು ಕೇಳಿದ್ರು, ಕಂಪ್ಯೂಟರಿಂದ ಪ್ರಿಂಟ್ ತೆಗೆದು ಕಳಿಸ್ದೆ. ನಾನೇನು ಮಾಡೋಕಾಗುತ್ತೆ?"

ಅವಳ ಹೆಸರಿನ ಮುಂದೆ ಆರು ವರ್ಷ, ಏಳು ವರ್ಷದಿಂದ ಬಾಕಿ ಇರುವ ಕಡತಗಳಿದ್ದವು. ಅವಳು ಆ ಟೇಬಲ್ಲಿಗೆ ಬಂದು ಎರಡು ವರ್ಷವಾಗಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅವಳಿಗಿಂತ ಮೊದಲು ಆ ಟೇಬಲ್ಲಿನಲ್ಲಿ ಗದಗಿನ ಕಡೆಯ ಒಬ್ಬ ಇದ್ದ. ಒಳ್ಳೆಯ ಮಾತುಗಾರ, ಶಾಖೆಯಲ್ಲಿ ಎಲ್ಲರಿಗೂ ಬೇಕಾದವನು. ಅವನಿಗೆ ಊರ ಹತ್ತಿರ ವರ್ಗವಾಯಿತು. ಒಬ್ಬರು ಟೇಬಲ್ ಬಿಟ್ಟು ಇನ್ನೊಬ್ಬರು ವಹಿಸಿಕೊಳ್ಳುವಾಗ ಯಾವ ಕಡತಗಳಿವೆ, ಯಾವುದು ಎಲ್ಲಿಗೆ ನಿಂತಿದೆ ಅಂತ ಪಟ್ಟಿ ಮಾಡಿ, ಕೊಟ್ಟವರು ತೆಗೆದುಕೊಂಡವರು ಇಬ್ಬರೂ ಸಹಿ ಮಾಡಬೇಕು. ಅದಕ್ಕೇ ಚಾರ್ಜ್ ಲಿಸ್ಟ್ ಅನ್ನುವುದು. ನಿಯಮ ಹಾಗಿದೆ. ಆಫೀಸುಗಳಲ್ಲಿ ನಡೆಯುವುದು ಬೇರೆ. ಹೋಗುವವನು ಬಸ್ಸಿನ ಅವಸರದಲ್ಲಿರುತ್ತಾನೆ, ಬೀರುವಿನ ಕೀಲಿ ಮೇಜಿನ ಮೇಲೆ ಇಟ್ಟು ಪಟ್ಟಿ ಆಮೇಲೆ ಕಳಿಸುತ್ತೇನೆ ಅನ್ನುತ್ತಾನೆ. ಪಟ್ಟಿ ಕೊಡದೆ ಕೀಲಿ ಮುಟ್ಟುವುದಿಲ್ಲ ಅಂತ ಹಟ ಹಿಡಿದವರನ್ನು ಶಾಖೆಯಲ್ಲಿ ಕಿರಿಕಿರಿ ಜನ ಅನ್ನುತ್ತಾರೆ. ನನ್ನ ಹೆಂಡತಿ ಯಾರಿಂದಲೂ ಹಾಗೆ ಅನ್ನಿಸಿಕೊಂಡವಳಲ್ಲ. ಕೀಲಿ ತೆಗೆದುಕೊಂಡಳು. ಅವನು ಬಸ್ಸಿನಲ್ಲಿ ಕೂತು ಅವಳಿಗೆ ಮೆಸೇಜ್ ಹಾಕಿದ. ಅದು ಅವಳ ಫೋನಿನಲ್ಲಿ ಇವತ್ತಿಗೂ ಇದೆ. "ಅಕ್ಕಾರ, ಹಳೇ ಫೈಲ್ ಭಾಳ ಅದಾವ್ರಿ, ನನ್ನ ಕೈಲಿ ಮುಗೀಲಿಲ್ಲ. ಲಿಸ್ಟ್ ಒಂದ್ ವಾರದಾಗ ಕಳಸ್ತೀನ್ರಿ." ಕೆಳಗೆ ಕೈಮುಗಿದ ಚಿತ್ರ.

ಆ ವಾರ ಬರಲೇ ಇಲ್ಲ. ಈ ನಡುವೆ ಅವನ ಲಾಗಿನ್‌ನಲ್ಲಿದ್ದ ಕಡತಗಳನ್ನೆಲ್ಲ ಕಂಪ್ಯೂಟರಿನವರು ಒಂದೇ ಸಲಕ್ಕೆ ಅವಳ ಲಾಗಿನ್ನಿಗೆ ದೂಡಿದರು. ಕಡತದ ಜೊತೆ ಅದರ ಹಳೆಯ ತಾರೀಖೂ ಬಂತು. ಕಂಪ್ಯೂಟರಿಗೆ ಇಷ್ಟೇ ಗೊತ್ತು: ಈ ಕಡತ ಏಳು ವರ್ಷದ್ದು, ಈಗ ಈಕೆಯ ಹತ್ತಿರ ಇದೆ. ಆ ಎರಡು ವರ್ಷ ಅವಳು ಸಂಜೆ ಏಳರವರೆಗೆ ಕೂತು ಹಳೆಯದನ್ನು ಒಂದೊಂದೇ ಮುಗಿಸುತ್ತಿದ್ದಳು. ಮುಗಿಸಿದ್ದು ಬಾಕಿಯ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ಕಮಿಟಿಯವರು ನೋಡಿದ್ದು ಬಾಕಿಯ ಪಟ್ಟಿ ಮಾತ್ರ.

ಇದೆಲ್ಲ ಮೊದಲೇ ನನಗೆ ಗೊತ್ತಿತ್ತು, ಕೀಲಿ ತಂದ ದಿನವೇ ಹೇಳಿದ್ದಳು. ನಮ್ಮಲ್ಲಿ ಶಿಫ್ಟ್ ಬದಲಾಗುವಾಗ ಎಷ್ಟು ಪೀಸ್ ಆಗಿದೆ, ಎಷ್ಟು ಕೆಟ್ಟಿದೆ ಅಂತ ಬೋರ್ಡಿನ ಮೇಲೆ ಬರೆಯದೆ ಯಾರೂ ಮಿಷನ್ ಬಿಟ್ಟು ಹೋಗುವಂತಿಲ್ಲ, ಬರೆದದ್ದನ್ನು ಎಣಿಸದೆ ನಾವು ಮಿಷನ್ ಮುಟ್ಟುವುದಿಲ್ಲ ಅಂತ ಆಗ ಅಂದಿದ್ದೆ. "ನಿಮ್ದು ಕಬ್ಬಿಣ ಕಣ್ರೀ, ನಮ್ದು ಮನುಷ್ಯರು" ಅಂದಿದ್ದಳು. ನಾನು ನಕ್ಕು ಬಿಟ್ಟಿದ್ದೆ. ಬಿಡಬಾರದಿತ್ತು.

ಪಟ್ಟಿ ಮಾಡಲು ನಾಲ್ಕು ದಿನ ಬೇಕಾಯಿತು. ಅವಳು ಬೀರುವಿನಿಂದ ಒಂದೊಂದೇ ಕಡತ ತೆಗೆದು ಹೇಳುವುದು, ನಾನು ಬರೆಯುವುದು. ನಾನು ಎಸ್ಸೆಸ್ಸೆಲ್ಸಿ ಓದಿದವನು, ಆದರೆ ನನ್ನ ಕೈಬರಹ ಚೆನ್ನಾಗಿದೆ ಅಂತ ಅವಳಿಗೆ ಹೆಮ್ಮೆ. ಸ್ಕೇಲಿನಿಂದ ಗೆರೆ ಎಳೆದುಕೊಂಡೆ. ಕಡತದ ನಂಬರ್, ವಿಷಯ, ಶುರುವಾದ ತಾರೀಖು, ಈಗಿನ ಹಂತ. ಒಟ್ಟು ನೂರ ಎಂಬತ್ತಾರು. ಅದರಲ್ಲಿ ಅವಳು ಬಂದ ಮೇಲೆ ಶುರುವಾದದ್ದು ಮೂವತ್ತು ಚಿಲ್ಲರೆ. ಉಳಿದ ಎಲ್ಲದರ ಮೇಲೂ ಟಿಪ್ಪಣಿ ಹಾಳೆಯಲ್ಲಿ ಗದಗಿನವನ ಚಿಕ್ಕ ಸಹಿ. ಒಂದು ಹಾಳೆ ತಿರುಗಿಸಿದರೆ ಸಾಕಿತ್ತು, ಯಾರ ಕಾಲದ್ದು ಅಂತ ಗೊತ್ತಾಗುತ್ತಿತ್ತು. ಇಡೀ ಸರ್ಕಾರದಲ್ಲಿ ಒಬ್ಬನೂ ಒಂದು ಹಾಳೆ ತಿರುಗಿಸಲಿಲ್ಲ.

ನಾಲ್ಕನೇ ದಿನ ಪಟ್ಟಿಯನ್ನು ಅಧೀಕ್ಷಕರಿಗೆ ಕೊಟ್ಟಳು. ಅವರು ಮೀಟಿಂಗಿಗೆ ಹೊರಟಿದ್ದರು. ಇಟ್ಟು ಹೋಗಿ ಮೇಡಂ, ಸಹಿ ಆಮೇಲೆ ಹಾಕಿ ಕಳಿಸುತ್ತೇನೆ ಅಂದರು. ಅವಳು ಇಟ್ಟು ಬಂದಳು. ನಾನು ಮೆಟ್ಟಿಲ ಮೇಲೆ ನಿಂತು ಅವಳ ಕೈ ಹಿಡಿದು ಕೇಳಿದೆ, ನಿನಗೆ ಬುದ್ಧಿ ಬರುವುದು ಯಾವಾಗ ಅಂತ. ನನ್ನ ಹತ್ತಿರ ಉಳಿದದ್ದು ನಾನೇ ಬರೆದ ಕಚ್ಚಾ ಪ್ರತಿ. ಅದರ ಮೇಲೆ ಯಾರ ಸಹಿಯೂ ಇಲ್ಲ.

ಅದಾದ ಮೇಲೆ ಮರುಪರಿಶೀಲನೆಗೆ ಮನವಿ ಬರೆಯಲು ಕೂತಳು. ಊಟದ ಮೇಜಿನ ಮೇಲೆ ಮೂರು ಸಂಜೆ ಬರೆದಳು. ನಾನು ಓದಿದೆ. ಇಪ್ಪತ್ತೊಂಬತ್ತು ವರ್ಷದ ಸೇವೆ, ಎಂದೂ ಮೆಮೊ ಪಡೆದಿಲ್ಲ, ರಜೆ ಎಷ್ಟು ಉಳಿದಿದೆ, ಎಲ್ಲ ಇತ್ತು. ಗದಗಿನವನ ಹೆಸರು ಇರಲಿಲ್ಲ. ಕಡತಗಳು ಹಿಂದಿನವರ ಕಾಲದ್ದು ಅನ್ನುವ ಒಂದು ವಾಕ್ಯವೂ ಇರಲಿಲ್ಲ.

"ಇದನ್ನ ಬರೀದೆ ಇನ್ನೇನು ಬರೆದೆ ನೀನು?"

"ಅವನ ಹೆಸರು ಬರಿಯಲ್ಲ ರೀ."

"ಯಾಕೆ? ಏನಾಗ್ಬೇಕು ಅವನು ನಿನಗೆ?"

"ಮುಂದಿನ ವರ್ಷ ಅವನಿಗೆ ಐವತ್ತು."

ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಐವತ್ತು ತುಂಬಿದರೆ ಅವನ ಕೆಲಸವನ್ನೂ ಕಮಿಟಿ ಪರಿಶೀಲಿಸುತ್ತದೆ. ಇವಳು ಬರೆದ ವಾಕ್ಯ ಅವನ ಕಡತಕ್ಕೆ ಹೋಗಿ ಕೂರುತ್ತದೆ. ಅವನಿಗೆ ಇಬ್ಬರು ಹೆಣ್ಣುಮಕ್ಕಳು ಇನ್ನೂ ಓದುತ್ತಿದ್ದಾರೆ, ಹೆಂಡತಿಗೆ ಕೆಲಸವಿಲ್ಲ, ನಮ್ಮ ಮಗಳಾದರೆ ಮದುವೆಯಾಗಿ ಕೆಂಗೇರಿಯಲ್ಲಿ ಚೆನ್ನಾಗಿದ್ದಾಳೆ ಅಂದಳು. ನಾನು ಕೂಗಾಡಿದೆ. ಮೂವತ್ತು ವರ್ಷದಲ್ಲಿ ಅವಳ ಮೇಲೆ ಅಷ್ಟು ಕೂಗಾಡಿದ್ದಿಲ್ಲ. ನಿನ್ನ ಒಳ್ಳೆಯತನದಿಂದ ನನ್ನ ಮರ್ಯಾದೆಯೂ ಹೋಯಿತು ಅಂದೆ. ಆ ಮಾತು ಆಡಬಾರದಿತ್ತು, ಆದರೆ ಸುಳ್ಳಾಡಲಿಲ್ಲ. ಅವಳು ಮನವಿಯನ್ನು ಹಾಗೇ ಮಡಿಸಿ ಕವರಿಗೆ ಹಾಕಿದಳು.

ಎರಡು ತಿಂಗಳಿಗೆ ಉತ್ತರ ಬಂತು. ಮನವಿಯನ್ನು ಪರಿಶೀಲಿಸಲಾಗಿ, ಹೊಸ ಅಂಶಗಳು ಕಂಡುಬರದ ಕಾರಣ ತಿರಸ್ಕರಿಸಲಾಗಿದೆ. ಹೊಸ ಅಂಶ ಅವಳೇ ನುಂಗಿಕೊಂಡಿದ್ದಳು. ರಾಜಾಜಿನಗರದ ಒಬ್ಬರು ವಕೀಲರನ್ನು ಕಂಡೆ. ನ್ಯಾಯಮಂಡಳಿಗೆ ಹೋಗೋಣ, ಆ ಹಿಂದಿನವರನ್ನೂ ಕೇಸಿನಲ್ಲಿ ಪಾರ್ಟಿ ಮಾಡಬೇಕಾಗುತ್ತದೆ ಅಂದರು. ಮನೆಗೆ ಬಂದು ಹೇಳಿದೆ. ಅವಳು ಬೇಡ ಅಂತ ತಲೆ ಅಲ್ಲಾಡಿಸಿದಳು.

ಆಮೇಲೆ ಅವಳು ಹದಿನಾಲ್ಕು ತಿಂಗಳು ಬದುಕಿದ್ದಳು. ಮೆಟ್ರೋ ಹತ್ತಲಿಲ್ಲ, ಹತ್ತಿದರೆ ಯಾರಾದರೂ ಆಫೀಸಿನವರು ಸಿಗುತ್ತಾರೆ ಅಂತ. ಮಗಳ ಮನೆಗೆ ಹೋಗಬೇಕಾದರೂ ಬಸ್ಸು. ಮೊಮ್ಮಗನಿಗೆ ಅಕ್ಷರ ತಿದ್ದಿಸುತ್ತಿದ್ದಳು, ಉಪ್ಪಿನಕಾಯಿ ಹಾಕಿದಳು, ನಗಲೇ ಇಲ್ಲ ಅಂತಲ್ಲ, ನಗುತ್ತಿದ್ದಳು. ಆದರೆ ಏನಾದರೂ ಮಾಡುತ್ತಾ ಮಾಡುತ್ತಾ ನಿಂತುಬಿಡುವಳು. ಒಂದು ದಿನ ಬೀನ್ಸ್ ಬಿಡಿಸುತ್ತಾ ಕೇಳಿದಳು. "ನಾನು ನಿಧಾನಾನೇನ್ರೀ?" ಇಲ್ಲ ಕಣೇ ಅಂದೆ. ಅವಳು ನನ್ನ ಉತ್ತರವನ್ನು ಲೆಕ್ಕಕ್ಕೆ ತೆಗೆದುಕೊಂಡ ಹಾಗೆ ಕಾಣಲಿಲ್ಲ. ಗಂಡ ಹೇಳುವುದು ಬೇರೆ, ಆಫೀಸು ಹೇಳುವುದು ಬೇರೆ.

ಒಂದು ಬೆಳಿಗ್ಗೆ ಟೆರೇಸಿನ ಮೇಲೆ ಬಟ್ಟೆ ಒಣಗಿಸುತ್ತಾ ಬಿದ್ದಳು. ಮಿದುಳಿನಲ್ಲಿ ರಕ್ತಸ್ರಾವ. ಮೂರನೇ ದಿನ ಆಸ್ಪತ್ರೆಯಲ್ಲಿ ಹೋದಳು. ಅವಳಿಗೆ ಬಿ.ಪಿ. ಹತ್ತು ವರ್ಷದಿಂದ ಇತ್ತು. ಆ ಆದೇಶವೇ ಅವಳನ್ನು ಕೊಂದಿತು ಅಂತ ನಾನು ಬರೆಯುವುದಿಲ್ಲ, ಡಾಕ್ಟರು ಹಾಗೆ ಹೇಳಿಲ್ಲ. ಆ ಪ್ರಶ್ನೆಯನ್ನು ಇಟ್ಟುಕೊಂಡೇ ಹೋದಳು, ಅಷ್ಟು ಬರೆಯಬಲ್ಲೆ.

ಹನ್ನೊಂದನೇ ದಿನ ಗದಗಿನವನು ಬಂದ. ರಾತ್ರಿಯೆಲ್ಲ ಬಸ್ಸಿನಲ್ಲಿ ಬಂದವನು, ಅಂಗಿ ಮುದ್ದೆಯಾಗಿತ್ತು. ಫೋಟೋದ ಮುಂದೆ ಕೂತು ಅತ್ತ, ನಿಜವಾಗಿಯೇ ಅತ್ತ. ಊಟವಾದ ಮೇಲೆ ನಾನು ಅವನನ್ನು ಟೆರೇಸಿಗೆ ಕರೆದುಕೊಂಡು ಹೋಗಿ ಫೋನಿನಲ್ಲಿ ಅವನದೇ ಮೆಸೇಜ್ ತೋರಿಸಿದೆ. ಅವನು ಓದಿದ. ಮತ್ತೆ ಓದಿದ.

"ನನ್ನ ಫೈಲ್ರೀ ಅಣ್ಣಾರ ಅವು. ಅಕ್ಕಾರದು ಒಂದೂ ತಪ್ಪಿಲ್ಲ."

"ಅದನ್ನೇ ಬರೆದು ಸಹಿ ಹಾಕಿ ಕೊಡಿ. ಬೇರೇನೂ ಬೇಡ ನನಗೆ."

ಅವನು ಟೆರೇಸಿನ ಗೋಡೆಗೆ ಒರಗಿಕೊಂಡ. ಈ ತಿಂಗಳು ಅವನ ಪರಿಶೀಲನೆ ಇದೆಯಂತೆ. ಅದು ಮುಗಿಯಲಿ, ಮುಗಿದ ಮರುದಿನ ಬರೆದು ಕೊರಿಯರ್ ಮಾಡುತ್ತೇನೆ, ಮಕ್ಕಳ ಆಣೆ ಅಂದ. ಅವಳು ಯಾಕೆ ಅವನ ಹೆಸರು ಬರೆಯಲಿಲ್ಲ ಅಂತ ನಾನು ಅವನಿಗೆ ಹೇಳಿದೆ. ಹೇಳಬೇಕು ಅಂತಲೇ ಹೇಳಿದೆ, ಅವನಿಗೆ ನೋಯಲಿ ಅಂತ. ಅವನು ಕೂತುಬಿಟ್ಟ.

ಕಾದೆ. ಮೂರು ತಿಂಗಳಾಯಿತು, ಆರಾಯಿತು. ಅವನ ಪರಿಶೀಲನೆ ಮುಗಿದಿತ್ತು, ನೌಕರಿ ಉಳಿದಿತ್ತು. ಅದು ಅವಳ ಆಫೀಸಿನವರಿಂದಲೇ ಗೊತ್ತಾಯಿತು. ಫೋನ್ ಮಾಡಿದೆ. ಎರಡು ಸಲ ಎತ್ತಲಿಲ್ಲ. ಮೂರನೇ ಸಲ ಎತ್ತಿ, ಬಹಳ ಮೆತ್ತಗೆ ಹೇಳಿದ. "ಈಗ ಬರದ್ರ ಏನ್ ಉಪಯೋಗ್ರೀ ಅಣ್ಣಾರ. ಅಕ್ಕಾರಽ ಇಲ್ಲ."

ಫೋನನ್ನು ಗೋಡೆಗೆ ಎಸೆಯಬೇಕು ಅನಿಸಿತು. ಅದು ಅವಳ ಫೋನಾಗಿತ್ತು. ಇಟ್ಟೆ.

ಮರುದಿನ ಆ ಮೆಸೇಜನ್ನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದೆ. ನಮ್ಮ ಕಚ್ಚಾ ಪಟ್ಟಿಯನ್ನು ಜೊತೆಗಿಟ್ಟು, ನನ್ನ ಕೈಯಲ್ಲೇ ಒಂದು ಅರ್ಜಿ ಬರೆದೆ. ಅವಳು ಬೇಡ ಅಂದ ಹೆಸರನ್ನು ಮೊದಲ ಸಾಲಿನಲ್ಲೇ ಬರೆದೆ. ಅವಳ ಮಾತು ಮೀರಿದೆ. ಅದರ ಬಗ್ಗೆ ಬೇಸರವಿಲ್ಲ ಅಂತ ಬರೆಯೋಣ ಅಂದುಕೊಂಡಿದ್ದೆ, ಇದೆ. ಆದರೂ ಇನ್ನೊಂದು ಸಲವೂ ಹಾಗೇ ಮಾಡುತ್ತೇನೆ.

ಅರ್ಜಿಗೆ ಉತ್ತರ ಬಂತು. ಖಾಸಗಿ ಸಂದೇಶವನ್ನು ದಾಖಲೆಯಾಗಿ ಪರಿಗಣಿಸಲು ಬರುವುದಿಲ್ಲ. ತಾವು ತಿಳಿಸಿರುವ ಪ್ರಭಾರ ಪಟ್ಟಿ (ಚಾರ್ಜ್ ಲಿಸ್ಟ್) ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ. ಸದರಿಯವರು ಮೃತರಾಗಿರುವುದರಿಂದ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ. ಗದಗಿನವನಿಗೆ ಅದರಿಂದ ಏನೂ ಆಗಲಿಲ್ಲ. ಅವಳಿಗೂ ಏನೂ ಆಗಲಿಲ್ಲ. ನಾನು ಆ ಕಾಗದ ಹಿಡಿದುಕೊಂಡು ಅದೇ ಅಧೀಕ್ಷಕರ ಮುಂದೆ ಹೋಗಿ ನಿಂತೆ. ಅವರು ಕೂರಿಸಿದರು. ಟೀ ತರಿಸಿದರು.

"ನೋಡಿ ಯಜಮಾನ್ರೇ, ನೀವು ತಪ್ಪು ತಿಳ್ಕೊಂಡಿದೀರಿ. ಇದು ಶಿಕ್ಷೆ ಅಲ್ಲ. ಮೇಡಂ ಮೇಲೆ ಯಾವ ಕಳಂಕಾನೂ ಇಲ್ಲ."

"ಹಾಗಿದ್ರೆ ಅಷ್ಟೇ ಬರೆದು ಕೊಡಿ ಸಾರ್. ಕಳಂಕ ಇಲ್ಲ ಅಂತ. ಒಂದೇ ಸಾಲು."

"ಹಾಗೆಲ್ಲ ಬರೆಯೋಕೆ ಅವಕಾಶ ಇಲ್ಲ."

"ಕಳಿಸೋಕೆ ಅವಕಾಶ ಇತ್ತಲ್ಲ."

ಅವರು ಕಂಪ್ಯೂಟರಿನ ಕಡೆ ತಿರುಗಿದರು. ಕಿಟಕಿಯ ಹತ್ತಿರ ಅವಳ ಟೇಬಲ್ಲಿನಲ್ಲಿ ಹೊಸದಾಗಿ ಬಂದ ಒಬ್ಬಳು ಕೂತಿದ್ದಳು. ನಾನು ಎದ್ದು ಅವಳ ಹತ್ತಿರ ಹೋಗಿ, ಟೇಬಲ್ ವಹಿಸಿಕೊಳ್ಳುವಾಗ ಪಟ್ಟಿ ತೆಗೆದುಕೊಂಡಿದ್ದೀಯೇನಮ್ಮ ಅಂತ ಕೇಳಿದೆ. ಅವಳು ನನ್ನನ್ನು ನೋಡಿ, ಅಧೀಕ್ಷಕರನ್ನು ನೋಡಿ, ಇಲ್ಲ ಸಾರ್, ಆಮೇಲೆ ಕೊಡ್ತೀವಿ ಅಂದಿದಾರೆ ಅಂದಳು. ಇವತ್ತೇ ಇಸ್ಕೋ, ಸಹಿ ಹಾಕಿಸ್ಕೋ ಅಂದೆ. ದನಿ ಜೋರಾಗಿಯೇ ಬಂತು. ಶಾಖೆಯಲ್ಲಿ ಎಲ್ಲರೂ ತಲೆ ಎತ್ತಿದರು. ಟೀ ಕುಡಿಯದೆ ಬಂದೆ.

ಸಾರ್ವಜನಿಕ ಹಿತ ಅಂತಾರೆ. ನಾನೂ ಸಾರ್ವಜನಿಕನೇ. ಸಾಲಿನಲ್ಲಿ ನಿಂತವನು, ಖಾತೆಗೆ ಹನ್ನೊಂದು ಸಲ ಅಲೆದವನು. ನನ್ನ ಖಾತೆಯ ಕಡತವನ್ನು ಇಟ್ಟುಕೊಂಡು ಕೂತವನು ಇವತ್ತಿಗೂ ಅದೇ ಕುರ್ಚಿಯಲ್ಲಿದ್ದಾನೆ, ಹೋದ ವಾರವೂ ನೋಡಿ ಬಂದೆ. ಅವಳನ್ನು ಕಳಿಸಿದ್ದರಿಂದ ನನಗೆ ಯಾವ ಹಿತವಾಯಿತು ಅಂತ ಯಾರೂ ಹೇಳಿಲ್ಲ.

ಮಗಳು ಇನ್ನು ಸಾಕಪ್ಪ ಅನ್ನುತ್ತಾಳೆ. ನಾನು ತಿಂಗಳಿಗೊಂದು ಅರ್ಜಿ ಬರೆಯುತ್ತಿದ್ದೇನೆ, ಈಗ ಮೇಲಿನ ಕಚೇರಿಗೆ. ಪಿಂಚಣಿ ಮಂಜೂರಾದ ಕಾಗದ ಇದೆ, ಮರಣ ಪ್ರಮಾಣಪತ್ರ ಇದೆ, ತಿರಸ್ಕರಿಸಿದ ಕಾಗದಗಳು ಒಂದು ಕಟ್ಟು ಇವೆ. ಅವಳು ಕೆಲಸ ಮಾಡಿದಳು ಎಂದು ಹೇಳುವ ಕಾಗದ ಇಲ್ಲ.